ಶಟರ್ ಎಳೆಯುವ ಮೊದಲು

“ಬಂದ್ ಮಾಡಿ ನಮಗೆ ಸಿಕ್ಕಿದ್ದೆಂತ?” ಈ ಪ್ರಶ್ನೆ ಈಗ ಮಸೀದಿಯ ಅಂಗಳದಲ್ಲಿ, ಮದುವೆ ಹಾಲಿನಲ್ಲಿ, ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯ ಮುಂದೆ ಎಲ್ಲ ಕಡೆ ಕೇಳಿಬರುತ್ತದೆ. ಕೇಳುವವರನ್ನು ಹೆದರುಪುಕ್ಕಲರು ಎಂದು ತಳ್ಳಿಹಾಕುವ ಹಾಗಿಲ್ಲ. 2022ರ ಮಾರ್ಚ್ 17ರಂದು ಶಟರ್ ಎಳೆದವರಲ್ಲಿ ಅವರೂ ಇದ್ದರು. ಆ ದಿನದ ವ್ಯಾಪಾರ ಬಿಟ್ಟವರು, ಆಮೇಲಿನ ಜಾತ್ರೆಗಳಲ್ಲಿ ಜಾಗ ಕಳೆದುಕೊಂಡವರು ಕೇಳುತ್ತಿದ್ದಾರೆ. ಅವರಿಗೆ ಉತ್ತರ ಕೊಡಲೇಬೇಕು.

ನಡೆದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. 2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಸ್ಕಾರ್ಫ್ ವಿಚಾರ ಎರಡೂವರೆ ತಿಂಗಳಲ್ಲಿ ಹೈಕೋರ್ಟಿನ ತೀರ್ಪಿನವರೆಗೆ ಹೋಯಿತು. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿದ್ಯಾರ್ಥಿನಿಯರ ಅರ್ಜಿಗಳನ್ನು ವಜಾ ಮಾಡಿತು. ಅಮೀರೆ ಶರೀಅತ್ ಮೌಲಾನಾ ಸಗೀರ್ ಅಹ್ಮದ್ ರಶಾದಿಯವರು 17ಕ್ಕೆ ಶಾಂತಿಯುತ ಬಂದ್‌ಗೆ ಕರೆ ಕೊಟ್ಟರು. ಉಡುಪಿ, ಮಂಗಳೂರು, ಭಟ್ಕಳ, ಬೆಂಗಳೂರಿನಲ್ಲಿ ಮುಸ್ಲಿಮರ ಅಂಗಡಿಗಳು ಮುಚ್ಚಿದವು. ಕಲ್ಲು ತೂರಾಟ ಇಲ್ಲ, ಬೇರೆಯವರ ಅಂಗಡಿ ಮುಚ್ಚಿಸಿದ್ದಿಲ್ಲ. ನಮ್ಮ ಅಂಗಡಿ, ನಾವು ಮುಚ್ಚಿದೆವು.

ಐದು ದಿನ ಕಳೆದು, ಮಾರ್ಚ್ 22 ಮತ್ತು 23ಕ್ಕೆ ಕಾಪುವಿನ ಸುಗ್ಗಿ ಮಾರಿಪೂಜೆ. ಹೊಸ ಮಾರಿಗುಡಿಯಲ್ಲಿ ಅಂಗಡಿ ಜಾಗದ ಏಲಂ ಆದಾಗ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶ ಇಲ್ಲ ಎಂದಾಯಿತು. ನೆಲದ ಕಾನೂನಿಗೆ ಗೌರವ ಕೊಡದವರಿಗೆ, ಗೋವನ್ನು ಕೊಲ್ಲುವವರಿಗೆ ಇಲ್ಲಿ ವ್ಯಾಪಾರ ಇಲ್ಲ ಎಂಬ ಅರ್ಥದ ಬ್ಯಾನರುಗಳು ಎದ್ದವು. ಪಡುಬಿದ್ರಿಗೆ ಹಬ್ಬಿತು, ಮೂಲ್ಕಿಯ ಬಪ್ಪನಾಡಿಗೂ ಹಬ್ಬಿತು. ಬಪ್ಪ ಬ್ಯಾರಿಯ ಹೆಸರು ಅಂಟಿಕೊಂಡ ಊರು ಅದು. ಕಾಪುವಿನ ಮಾರಿಗುಡಿಯಲ್ಲಿಯೂ ತಲೆಮಾರುಗಳಿಂದ ನಾದಸ್ವರ ನುಡಿಸುತ್ತಾ ಬಂದ ಮುಸ್ಲಿಂ ಕುಟುಂಬ ಉಂಟು. ನುಡಿಸುವವರಿಗೆ ಒಳಗೆ ಜಾಗ, ಬಳೆ ಮಾರುವವರಿಗೆ ಹೊರಗೂ ಜಾಗ ಇಲ್ಲ!

ಆ ದಿನಗಳಿಂದ ನಮ್ಮಲ್ಲಿ ಒಂದು ಮಾತು ಬೇರು ಬಿಟ್ಟಿದೆ. ಬಂದ್ ಮಾಡದೆ ಇದ್ದಿದ್ದರೆ ಬಹಿಷ್ಕಾರ ಆಗುತ್ತಿರಲಿಲ್ಲ, ಇನ್ನಾದರೂ ಬಾಯಿ ಮುಚ್ಚಿ ವ್ಯಾಪಾರ ನೋಡಿಕೊಳ್ಳೋಣ ಎಂಬ ಮಾತು. ಇದನ್ನು ನಾವು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ.

ಒಪ್ಪದಿರಲು ಕಾರಣ ಉಂಟು. ಬಹಿಷ್ಕಾರದ ಬ್ಯಾನರಿನಲ್ಲಿ ಬಂದ್ ಒಂದು ನೆಪವಾಗಿ ಬಂತು, ನಿಜ. ಆದರೆ ಗೋವಿನ ಮಾತೂ ಅದರಲ್ಲೇ ಇತ್ತು. ಬಂದ್ ಇಲ್ಲದಿದ್ದರೆ ಅದೊಂದೇ ಸಾಕಾಗುತ್ತಿತ್ತು. ಬಹಿಷ್ಕಾರ ಬೇಕೆಂದು ಕೂತವರಿಗೆ ಕಾರಣಗಳಿಗೆ ಬರ ಬರುವುದಿಲ್ಲ. ಇನ್ನು ಕಾನೂನಿಗೆ ಅಗೌರವ ಎಂಬ ಆರೋಪ. ತನ್ನ ಅಂಗಡಿಯನ್ನು ತಾನೇ ಒಂದು ದಿನ ಮುಚ್ಚುವುದು ಯಾವ ಕಾನೂನಿನ ಉಲ್ಲಂಘನೆ? ಕೇರಳ ಹೈಕೋರ್ಟ್ 1997ರಲ್ಲಿ ಬಂದ್ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟದ್ದು ಹೌದು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದೂ ಹೌದು. ಆದರೆ ಆ ತೀರ್ಪು ತಡೆದದ್ದು ಬಲವಂತವನ್ನು. ಇಷ್ಟವಿಲ್ಲದವನ ಬಾಗಿಲು ಮುಚ್ಚಿಸುವುದು, ಬಸ್ಸು ನಿಲ್ಲಿಸುವುದು, ಹೆದರಿಸಿ ಮನೆಯಲ್ಲಿ ಕೂರಿಸುವುದು. ಇಷ್ಟಪಟ್ಟು ತನ್ನ ಕೆಲಸ ನಿಲ್ಲಿಸುವ ಹರತಾಳ ಬೇರೆ ಎಂದು ನ್ಯಾಯಾಲಯವೇ ವ್ಯತ್ಯಾಸ ಮಾಡಿತು. ತೀರ್ಪೊಂದು ಒಪ್ಪಿಗೆಯಾಗದಿದ್ದರೆ ಹಾಗೆಂದು ಶಾಂತವಾಗಿ ಹೇಳುವುದು ನ್ಯಾಯಾಂಗಕ್ಕೆ ಮಾಡುವ ಅವಮಾನವಲ್ಲ. ಅದೇ ತೀರ್ಪಿನ ಬಗ್ಗೆ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಬರಲಿಲ್ಲ. ಒಬ್ಬರು ಎತ್ತಿಹಿಡಿದರು, ಇನ್ನೊಬ್ಬರು ರದ್ದು ಮಾಡಬೇಕೆಂದರು.

ನಮ್ಮದೇ ಜಿಲ್ಲೆಯ ಇನ್ನೊಂದು ಪ್ರತಿಭಟನೆಯನ್ನು ಪಕ್ಕದಲ್ಲಿಟ್ಟು ನೋಡಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರ ಸಮೇತ ಕಾಣೆಯಾಯಿತು. ಹುಡುಕಾಟ ಸಾಕಾಗಲಿಲ್ಲ ಎಂದು 2019ರ ಜನವರಿ 6ರಂದು ಮೀನುಗಾರರು ಕಸುಬು ನಿಲ್ಲಿಸಿ ಮಲ್ಪೆಯಿಂದ ಹೊರಟು ಅಂಬಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನೇ ತಡೆದರು. ಹೆದ್ದಾರಿ ತಡೆದರೆ ಎಷ್ಟು ಮಂದಿಗೆ ಎಷ್ಟು ತೊಂದರೆ ಎಂದು ಎಲ್ಲರಿಗೂ ಗೊತ್ತು. ಆದರೂ ಊರು ಆ ಸಿಟ್ಟನ್ನು ಅರ್ಥ ಮಾಡಿಕೊಂಡಿತು. ಅಂದು ಬದಿಯಲ್ಲಿ ನಿಂತ ಲಾರಿಗಳಲ್ಲಿ ಬ್ಯಾರಿಗಳ ಲಾರಿ ಇರಲಿಲ್ಲವೇ? ಮೀನುಗಾರರು ಕಾನೂನಿಗೆ ಗೌರವ ಕೊಡದವರು, ಅವರಿಂದ ಮೀನು ತೆಗೆದುಕೊಳ್ಳಬೇಡಿ ಎಂದು ಯಾರೂ ಬ್ಯಾನರ್ ಕಟ್ಟಲಿಲ್ಲ. ಕಟ್ಟಬಾರದು ಕೂಡ. ಒಬ್ಬರ ಸಿಟ್ಟಿಗೆ ಸಿಗುವ ಈ ತಾಳ್ಮೆ ಇನ್ನೊಬ್ಬರಿಗೂ ಸಿಗಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ವ್ಯಾಪಾರಿಗಳ ಕಡೆಯ ಮಾತಿಗೆ ಬರಬೇಕು. ಇಲ್ಲಿ ನಮ್ಮ ಮುಖಂಡರಿಗೆ ಸ್ವಲ್ಪ ಕಹಿ ಆಗುವ ವಿಷಯ ಉಂಟು.

ಜಾತ್ರೆ ವ್ಯಾಪಾರದ ಲೆಕ್ಕ ತಿಂಗಳ ಸಂಬಳದವರಿಗೆ ಸುಲಭದಲ್ಲಿ ಅರ್ಥವಾಗುವುದಿಲ್ಲ. ಬಳೆ, ಆಟಿಕೆ, ಬಟ್ಟೆ, ಐಸ್‌ಕ್ರೀಂ, ಹಣ್ಣು, ಚುರುಮುರಿ ಮಾರುವವರಿಗೆ ವರ್ಷ ಎಂದರೆ ಐದು ತಿಂಗಳು. ಜನವರಿಯಲ್ಲಿ ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್ ಹಬ್ಬ, ಆಮೇಲೆ ಒಂದರ ಹಿಂದೆ ಒಂದು ಆಯನ, ಜಾತ್ರೆ, ಮಾರಿಪೂಜೆ, ನೇಮ, ಉರೂಸ್. ಮೇ ಕೊನೆಗೆ ಪತ್ತನಾಜೆ ಬಂತೆಂದರೆ ಡೇರೆ ಮಡಚಬೇಕು. ಮಳೆಗಾಲ ಪೂರ್ತಿ ಕೈಯಲ್ಲಿದ್ದದ್ದನ್ನು ತಿನ್ನಬೇಕು. ಮಾಲು ಬರುವುದು ಮಂಗಳೂರಿನ ಬಂದರಿನಿಂದ, ಹೆಚ್ಚಾಗಿ ಕಡದಲ್ಲಿ. ಲೆಕ್ಕಕ್ಕೆಂದು ಒಂದು ಮೊತ್ತ ಇಟ್ಟುಕೊಳ್ಳಿ: 40 ಸಾವಿರದ ಮಾಲು ಕಡಕ್ಕೆ ತಂದವರಿಗೆ ಒಂದು ಜಾತ್ರೆ ತಪ್ಪಿದರೆ ಹೋಗುವುದು ಆ ದಿನದ ಲಾಭ ಮಾತ್ರವಲ್ಲ. ಸಾಲ ಕೊಟ್ಟವರಿಗೆ ವಾಯಿದೆ ತಪ್ಪುತ್ತದೆ, ಮುಂದಿನ ಜಾತ್ರೆಗೆ ಮಾಲು ಸಿಗುವುದಿಲ್ಲ. ಅದೂ 2022ರ ಮಾರ್ಚ್ ಎಂಥ ಮಾರ್ಚ್? ಕೊರೊನಾದ ಎರಡು ಸೀಸನ್ ಕೈಬಿಟ್ಟುಹೋಗಿ, ಈ ಸಲವಾದರೂ ಸಾಲ ತೀರಿಸೋಣ ಎಂದು ಕಾದು ಕೂತಿದ್ದ ಮಾರ್ಚ್.

ಮಣಿಪಾಲದಲ್ಲಿ ಲೆಕ್ಕ ಬೇರೆ ಥರ. ಅಲ್ಲಿ ಜ್ಯೂಸ್ ಅಂಗಡಿ, ಕ್ಯಾಂಟೀನ್, ಮೊಬೈಲ್ ಅಂಗಡಿ ನಡೆಸುವವರಿಗೆ ಗಿರಾಕಿ ಎಂದರೆ ವಿದ್ಯಾರ್ಥಿಗಳು. ಬಾಡಿಗೆ ತಿಂಗಳಿಗೆ ಬರುತ್ತದೆ, ಬಂದ್ ದಿನ ಎಂದು ಕಟ್ಟಡದ ಯಜಮಾನರು ಕಡಿಮೆ ಮಾಡುವುದಿಲ್ಲ. ದೊಡ್ಡ ಅಂಗಡಿಯವರಿಗೆ ಒಂದು ದಿನ ಮುಚ್ಚಿದರೆ ನಷ್ಟವಾದೀತು, ಅಡುಗೆ ನಿಲ್ಲುವುದಿಲ್ಲ. ಅದೇ ಅಂಗಡಿಯಲ್ಲಿ ದಿನಗೂಲಿಗೆ ನಿಂತ ಹುಡುಗನಿಗೆ? ಗುಜರಿ ಗಾಡಿಯವರಿಗೆ? ಮೀನು ಹೊತ್ತುಕೊಂಡು ಸ್ಕೂಟರಿನಲ್ಲಿ ಮನೆ ಮನೆ ತಿರುಗುವವರಿಗೆ? ಬೀಡಿ ಬ್ರಾಂಚು ತೆರೆಯದಿದ್ದರೆ ಬೀಡಿ ಕಟ್ಟುವ ಉಮ್ಮಂದಿರಿಗೆ? ಬಂದ್ ಎಲ್ಲರಿಗೂ ಒಂದೇ ಎನ್ನುತ್ತೇವೆ. ಅದರ ಬಿಲ್ಲು ಎಲ್ಲರಿಗೂ ಒಂದೇ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಕಡೆಗಣಿಸುವ ಹಾಗಿಲ್ಲ. ಬಂದ್ ಯಾರಿಗಾಗಿ? ಕಾಲೇಜಿನ ಹೆಣ್ಣುಮಕ್ಕಳಿಗಾಗಿ. ಆ ಹೆಣ್ಣುಮಕ್ಕಳ ಫೀಸು, ಬಸ್ ಪಾಸು, ಪುಸ್ತಕ ಎಲ್ಲಿಂದ ಬರುತ್ತದೆ? ಎಷ್ಟೋ ಮನೆಗಳಲ್ಲಿ ಇಂಥದೇ ಸಣ್ಣ ವ್ಯಾಪಾರದಿಂದ. ಆ ವರ್ಷ ಪರೀಕ್ಷೆ ಬರೆಯದೆ ಹಿಂದೆ ಬಂದ ಮಕ್ಕಳಿದ್ದಾರೆ. ಮಗಳಿಗೆ ಕ್ಲಾಸಿನ ಬಾಗಿಲು, ತಂದೆಗೆ ಜಾತ್ರೆಯ ಜಾಗ, ಎರಡೂ ಒಂದೇ ಸೀಸನಿನಲ್ಲಿ ಮುಚ್ಚಿದರೆ ಆ ಮನೆ ಏನು ಮಾಡಬೇಕು? ಹಕ್ಕು ದೊಡ್ಡದೋ ಹೊಟ್ಟೆ ದೊಡ್ಡದೋ ಎಂದು ಭಾಷಣಕ್ಕೆ ಚರ್ಚೆ ಮಾಡಬಹುದು. ಅಂಥ ಮನೆಯಲ್ಲಿ ಅವು ಎರಡಲ್ಲ.

ಆದ್ದರಿಂದ ನಮ್ಮ ತಕರಾರು ಪ್ರತಿಭಟನೆಯ ಮೇಲಲ್ಲ, ಅದನ್ನು ತೀರ್ಮಾನಿಸುವ ರೀತಿಯ ಮೇಲೆ. ಕರೆ ಬರುವುದು ಬೆಂಗಳೂರಿನಿಂದ ಅಥವಾ ದೆಹಲಿಯಿಂದ, ವಾಟ್ಸ್‌ಆ್ಯಪ್‌ನಲ್ಲಿ, ಹಿಂದಿನ ದಿನ. 17ರ ಬಂದ್ ಘೋಷಣೆಯಾದದ್ದು 16ಕ್ಕೆ. ಸಣ್ಣ ವ್ಯಾಪಾರಿಗೆ ಯೋಚಿಸಲು ಒಂದು ರಾತ್ರಿ. ಅಂಗಡಿ ತೆರೆದರೆ ಯಾರೂ ಕಲ್ಲು ಹೊಡೆಯುವುದಿಲ್ಲ, ಸರಿ. ಆದರೆ ಮರುದಿನ ಮಸೀದಿಯಲ್ಲಿ ಮುಖ ಕೊಡಬೇಕಲ್ಲ? “ಅವನೊಬ್ಬ ತೆರೆದಿದ್ದ” ಎಂಬ ಮಾತಿಗೆ ಹೆದರಿ ಶಟರ್ ಎಳೆದರೆ ಅದನ್ನು ಇಷ್ಟಪಟ್ಟು ಮುಚ್ಚಿದ್ದು ಎಂದು ಹೇಗೆ ಹೇಳುವುದು? 1997ರ ತೀರ್ಪು ಕೇಳಿದ್ದು ಇದನ್ನೇ. ಬೇರೆಯವರನ್ನು ನಾವು ಬಲವಂತ ಮಾಡಲಿಲ್ಲ ಎಂದು ಹೆಮ್ಮೆಪಡುವ ನಾವು ನಮ್ಮೊಳಗಿನವರ ಮೇಲಿನ ಈ ಮೌನದ ಒತ್ತಡವನ್ನೂ ನೋಡಬೇಕು.

ಇನ್ನೊಬ್ಬರು ಹೇಗೆ ಮಾಡಿದರು ಎಂದು ತಿಳಿಯಲು ದೂರದ ಒಂದು ಉದಾಹರಣೆ. ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 5ರಿಂದ ಕರಿಯ ಜನಾಂಗದವರು ಸಿಟಿ ಬಸ್ ಬಹಿಷ್ಕರಿಸಿದರು. 381 ದಿನ. ಮಾರ್ಟಿನ್ ಲೂಥರ್ ಕಿಂಗರ ಭಾಷಣ ಎಲ್ಲರಿಗೂ ನೆನಪಿದೆ. ಆದರೆ ಅಷ್ಟು ದಿನ ಅದು ನಡೆದದ್ದು ಭಾಷಣದಿಂದಲ್ಲ, ಕಾರುಗಳಿಂದ. ಮನೆಕೆಲಸಕ್ಕೆ ಹೋಗುವ ಹೆಂಗಸರು ಕೂಲಿ ಕಳೆದುಕೊಳ್ಳಬಾರದೆಂದು ಕಾರಿದ್ದವರು ಬೆಳಗ್ಗೆ ಸಂಜೆ ಕರೆದೊಯ್ದರು, ಎಲ್ಲಿ ಹತ್ತುವುದು ಎಲ್ಲಿ ಇಳಿಯುವುದು ಎಂದು ಪಟ್ಟಿ ಮಾಡಿದರು, ಚರ್ಚುಗಳ ಹೆಸರಿನಲ್ಲಿ ವಾಹನ ಕೊಂಡರು. ಮೊನ್ನೆ ಮೊನ್ನೆಯ ದೆಹಲಿ ಗಡಿಯ ರೈತರೂ ಹಾಗೆಯೇ. 2020ರ ನವೆಂಬರ್‌ನಿಂದ ಒಂದು ವರ್ಷ ಕೂತರು, ಆದರೆ ಊರಿನವರು ಸರದಿಯಲ್ಲಿ ಬಂದು ಹೋದದ್ದರಿಂದ ಗದ್ದೆ ಹಾಳು ಬೀಳಲಿಲ್ಲ. ಎರಡೂ ಕಡೆ ಮೊದಲು ನೋಡಿಕೊಂಡದ್ದು ದಿನಗೂಲಿಯವರ ಗತಿಯನ್ನು.

ಅಷ್ಟು ದೂರ ಯಾಕೆ, ಸುರತ್ಕಲ್ ಟೋಲ್‌ಗೇಟ್ ನೋಡಿ. ತಾತ್ಕಾಲಿಕ ಎಂದು ಶುರುವಾಗಿ ವರ್ಷಗಟ್ಟಲೆ ನಿಂತ ಆ ಗೇಟಿನಲ್ಲಿ ಕಾಪು, ಪಡುಬಿದ್ರಿಯಿಂದ ಮಂಗಳೂರಿಗೆ ಹೋಗುವ ಪ್ರತಿಯೊಬ್ಬರೂ ದುಡ್ಡು ತೆತ್ತಿದ್ದಾರೆ. ಮುನೀರ್ ಕಾಟಿಪಳ್ಳ ನೇತೃತ್ವದ ಹೋರಾಟ ಸಮಿತಿಯಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದರು. 2022ರ ಅಕ್ಟೋಬರ್ 18ರಂದು ಗೇಟಿಗೆ ಮುತ್ತಿಗೆ, 28ರಿಂದ ಹಗಲು ರಾತ್ರಿ ಧರಣಿ, ಡಿಸೆಂಬರ್ 1ಕ್ಕೆ ಸುರತ್ಕಲ್‌ನಲ್ಲಿ ಟೋಲ್ ವಸೂಲಿ ನಿಂತಿತು. ಅದಕ್ಕಾಗಿ ಒಬ್ಬ ಹಣ್ಣಿನ ವ್ಯಾಪಾರಿಯೂ ಗಾಡಿ ಮುಚ್ಚಬೇಕಾಗಲಿಲ್ಲ. ಸ್ಕಾರ್ಫಿನ ವಿಷಯವೂ ಟೋಲಿನ ವಿಷಯವೂ ಒಂದೇ ಎಂದು ನಾವು ಹೇಳುವುದಿಲ್ಲ. ಟೋಲ್ ಎಲ್ಲರ ಜೇಬಿನದು, ಜೊತೆಗೆ ಬರುವವರು ಸಿಗುತ್ತಾರೆ. ನಮ್ಮದೇ ನೋವಿನ ವಿಷಯಕ್ಕೆ ಹಾಗೆ ಸಿಗುವುದು ಕಷ್ಟ. ಆದರೂ ಅಂಗಡಿ ಮುಚ್ಚುವುದೊಂದೇ ಪ್ರತಿಭಟನೆಯ ದಾರಿ ಎಂದು ತಿಳಿಯುವುದಕ್ಕೆ ಕಾರಣ ಇಲ್ಲ. 2020ರ ಜನವರಿ 15ರಂದು ಅಡ್ಯಾರ್ ಕಣ್ಣೂರಿನ ಮೈದಾನದಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ಸೇರಿದ ಜನ ನೆನಪಿದೆಯಲ್ಲ? ಅದಕ್ಕೆ ಒಂದು ತಿಂಗಳು ಮೊದಲು, ಡಿಸೆಂಬರ್ 19ಕ್ಕೆ, ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತು ಕರ್ಫ್ಯೂ ಬಿದ್ದಿತ್ತು. ಆ ಭಯದ ನಡುವೆಯೂ ಅಷ್ಟು ಜನ ಬಂದು ಶಾಂತವಾಗಿ ಮನೆಗೆ ಹೋದರು.

ಬಾಯಿ ಮುಚ್ಚಿ ಕೂತರೆ ವ್ಯಾಪಾರ ಉಳಿಯುತ್ತದೆ ಎನ್ನುವವರಿಗೆ ಇನ್ನೂ ಒಂದು ಮಾತು. ಕಾಪುವಿನ ಬಹಿಷ್ಕಾರದ ನಂತರ ಮಾತಾಡಿದ್ದರಿಂದ ಸ್ವಲ್ಪವಾದರೂ ಕೆಲಸ ಆಯಿತು. ಯು.ಟಿ. ಖಾದರ್ ವಿಧಾನಸಭೆಯಲ್ಲಿ ವಿಷಯ ಎತ್ತಿದರು. ಮಾರ್ಚ್ 23ರಂದು ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ, ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮದಲ್ಲಿ ದೇವಸ್ಥಾನದ ಬಳಿಯ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲ ಎಂದಿದೆ ಎಂದರು. ಆವರಣದ ಹೊರಗೆ ತಡೆದಿದ್ದರೆ ಸರಿಪಡಿಸುತ್ತೇವೆ ಎಂದೂ ಹೇಳಿದರು. (2002ರಲ್ಲಿ ಇದ್ದದ್ದು ಕಾಂಗ್ರೆಸ್ ಸರಕಾರ. ಇದನ್ನು ನೆನಪಿಸಿದರೆ ನಮ್ಮವರಲ್ಲಿ ಕೆಲವರಿಗೆ ಮುಜುಗರ ಆಗುತ್ತದೆ, ಆದರೆ ಅದು ಹೌದು.) ಎರಡು ದಿನದ ಜಾತ್ರೆ ಅಂಗಡಿಯನ್ನು ಗುತ್ತಿಗೆ ಎನ್ನಬಹುದೇ ಎಂಬುದು ವಕೀಲರು ವಾದಿಸಬೇಕಾದ ಪ್ರಶ್ನೆ. ಬಿಜೆಪಿಯವರೇ ಆದ ಎ.ಎಚ್. ವಿಶ್ವನಾಥ್, ಅನಿಲ್ ಬೆನಕೆ ಬಹಿಷ್ಕಾರ ಸರಿಯಲ್ಲ ಎಂದರು. ಉಡುಪಿಯ ಮುಸ್ಲಿಂ ಮುಖಂಡರು, ವ್ಯಾಪಾರಿಗಳು ಪೇಜಾವರ ಮಠಾಧೀಶರ ಬಳಿಗೂ ಹೋದರು. ಇದರಿಂದ ಎಲ್ಲ ಸರಿಯಾಗಿಬಿಟ್ಟಿತು ಎಂದಲ್ಲ. ಆದರೆ ಸುಮ್ಮನೆ ಕೂತಿದ್ದರೆ ರಸ್ತೆ ಬದಿಯೂ ದೇವಸ್ಥಾನದ ಆವರಣವೇ ಆಗುತ್ತಿತ್ತು.

ಹಾಗಾದರೆ ಮುಂದಿನ ಕರೆ ಬಂದಾಗ ಏನು ಮಾಡುವುದು? ಬರುತ್ತದೆ, ಅನುಮಾನ ಬೇಡ. 2025ರಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಅಕ್ಟೋಬರ್ 3ಕ್ಕೆ ಭಾರತ್ ಬಂದ್ ಎಂದು ಘೋಷಿಸಿತು. ಆಮೇಲೆ ಬೇರೆ ಸಮುದಾಯಗಳ ಹಬ್ಬದ ದಿನಗಳು ಎಂದು ತಾನೇ ಮುಂದೂಡಿತು. ಮುಂದೂಡಿದ್ದು ಒಳ್ಳೆಯ ಕೆಲಸ. ದಿನ ನಿಗದಿ ಮಾಡುವ ಮೊದಲೇ ಪಂಚಾಂಗ ನೋಡಿದ್ದರೆ ಇನ್ನೂ ಒಳ್ಳೆಯದಿತ್ತು.

ನಮ್ಮ ಸಲಹೆ ಸಣ್ಣದು. ಪ್ರತಿ ಜಮಾಅತ್ ಕಮಿಟಿ ತನ್ನ ವ್ಯಾಪ್ತಿಯಲ್ಲಿ ದಿನದ ವ್ಯಾಪಾರ ದಿನದ ಕೂಲಿಯಿಂದ ಬದುಕುವ ಮನೆಗಳ ಪಟ್ಟಿ ಮಾಡಲಿ. ಬಂದ್ ಬೇಕೇ ಬೇಡವೇ ಎಂಬ ಸಭೆಗೆ ಅವರನ್ನು ಕರೆಯಲಿ, ಅವರು ಮೊದಲು ಮಾತಾಡಲಿ, ಕಟ್ಟಡದ ಯಜಮಾನರೂ ಗಲ್ಫ್‌ನಲ್ಲಿ ಸಂಬಳ ಇರುವವರೂ ಆಮೇಲೆ. ಬೀಡಿ ಕಟ್ಟುವ, ಹೊಲಿಗೆ ಮಾಡುವ ಹೆಂಗಸರ ಅಭಿಪ್ರಾಯ ಕೇಳಲು ಬೇರೆ ವ್ಯವಸ್ಥೆ ಬೇಕಾದರೆ ಮಾಡಲಿ. ಮುಚ್ಚುವುದೆಂದಾದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಎಂಬುದನ್ನೂ ಅದೇ ಸಭೆಯಲ್ಲಿ ಬರೆದಿಡಲಿ. 200 ಮನೆಯ ಜಮಾಅತ್‌ನಲ್ಲಿ ಮನೆಗೆ ವಾರಕ್ಕೆ 20 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 2,08,000 ರೂ. ಆಗುತ್ತದೆ. 30 ಬಡ ವ್ಯಾಪಾರಿಗಳಿಗೆ ದಿನಕ್ಕೆ ಸಾವಿರದ ಹಾಗೆ ಕೊಟ್ಟರೂ ಆರು ದಿನಕ್ಕೆ ಸಾಕು. ಬಂದ್ ಇಲ್ಲದ ವರ್ಷ ಅದೇ ಹಣ ಬಡ್ಡಿಯಿಲ್ಲದೆ ಜಾತ್ರೆಯ ಮಾಲಿಗೆ ಹೋಗಲಿ.

ಇದು ಈ ಊರಿಗೆ ಹೊಸತಲ್ಲ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಶುರು ಮಾಡಿದ ದಿನ ಅದರ ಬಳಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದು ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದದ್ದು ನಮ್ಮ ಕಣ್ಣೆದುರಿನ ಚರಿತ್ರೆ. ಪಿಗ್ಮಿಯೂ ಇಲ್ಲಿಯದೇ. 1928ರಲ್ಲಿ ಡಾ. ಟಿ.ಎಂ.ಎ. ಪೈಯವರ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆ ಎಂದು ಮನೆ ಬಾಗಿಲಿಗೆ ಹೋಗಿ ಕೂಡಿಸಿದ ಹಣ ಅದು. ಈಗಲೂ ನಮ್ಮ ಗೂಡಂಗಡಿಗಳಿಗೆ ಪಿಗ್ಮಿಯವರು ಬರುತ್ತಾರೆ, ಬಂದ್ ಮುಗಿದ ಮರುದಿನ ಎರಡು ದಿನದ್ದು ಕೇಳುತ್ತಾರೆ.

ಕೊನೆಗೆ ರಸ್ತೆ ಬದಿ ವ್ಯಾಪಾರಿಗಳಿಗೆ ಒಂದು ವಿಷಯ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ದೇವಸ್ಥಾನದ ಸ್ವಂತ ಜಾಗದ ಏಲಂಗೆ ಅನ್ವಯಿಸುವುದು ಕಷ್ಟ. ಆದರೆ ನಗರಸಭೆ, ಪುರಸಭೆಯ ರಸ್ತೆಯಲ್ಲಿ ನಿಮ್ಮನ್ನು ಎಬ್ಬಿಸಲು ಯಾವ ಖಾಸಗಿ ಸಂಘಟನೆಗೂ ಅಧಿಕಾರ ಇಲ್ಲ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಗುರುತಿನ ಚೀಟಿ ಕೊಡಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆ ಇಲ್ಲದಷ್ಟು ಸ್ಥಾನ ವ್ಯಾಪಾರಿಗಳಿಂದಲೇ ಆಯ್ಕೆಯಾದವರದ್ದು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರದ್ದು. ಉಡುಪಿ ನಗರಸಭೆ, ಕಾಪು ಮತ್ತು ಕಾರ್ಕಳ ಪುರಸಭೆಗಳಲ್ಲಿ ಈ ಚುನಾವಣೆ ಬಂದಾಗ ನಮ್ಮವರು ನಿಲ್ಲಬೇಕು, ಪಕ್ಕದಲ್ಲಿ ಚಪ್ಪಲಿ ಮಾರುವವರು, ಹೂ ಮಾರುವವರು ಯಾವ ಧರ್ಮದವರಾದರೂ ಅವರೊಟ್ಟಿಗೆ ಸೇರಿ ನಿಲ್ಲಬೇಕು. ಚೀಟಿ ಇಲ್ಲದವರು, ಅವಧಿ ಮುಗಿದವರು ಆಧಾರ್ ಕಾರ್ಡ್, ಫೋಟೋ ಹಿಡಿದುಕೊಂಡು ಈ ವಾರವೇ ನಿಮ್ಮ ಪುರಸಭೆಗೆ ಹೋಗಿ ವಿಚಾರಿಸಿ. ಅರ್ಜಿ ತುಂಬಲು ಕಷ್ಟವಾದರೆ ಜುಮಾ ಮುಗಿದ ಮೇಲೆ ಜಮಾಅತ್ ಆಫೀಸಿನಲ್ಲಿ ಓದಿದ ಹುಡುಗರನ್ನು ಒಂದು ಗಂಟೆ ಕೂರಿಸಲು ಕಮಿಟಿಯವರಿಗೆ ಹೇಳಿ.